ಭೋಸರಿಯಲ್ಲಿ ಬಿಟ್ಟುಬಂದ ಚರಣ

ಧಾರವಾಡದಿಂದ ರಾತ್ರಿ ಹೊರಟ ರೈಲು ಪುಣೆ ತಲುಪಿದಾಗ ಬೆಳಗಿನ ಬಿಸಿಲು ಚುರುಗುಟ್ಟುತ್ತಿತ್ತು. ಊರಂಚಿನ ಭೋಸರಿಗೆ ಆಟೋದವನು ಐದುನೂರು ಕೇಳಿದ. ಹರಕು ಮರಾಠಿಯಲ್ಲಿ ವಾದಿಸಿ ಗೆದ್ದೆ. ಅವನು ನನ್ನನ್ನು ಅಲ್ಲೇ ಬಿಟ್ಟು ಹೋದ. ಸಿಟಿ ಬಸ್ಸಿನಲ್ಲಿ ನಿಂತೇ ಪ್ರಯಾಣ ಮಾಡಿದೆ.

ಹೋದದ್ದು ಗೆಳೆಯ ಶ್ರೀಕಾಂತನ ಹಾಡುಗಳಿಗಾಗಿ. ಚರ್ಚಾಸ್ಪರ್ಧೆಗಳಲ್ಲಿ ನಾವಿಬ್ಬರೂ ಒಂದೇ ತಂಡ. ನಮ್ಮನ್ನು ತಯಾರು ಮಾಡಿದವರು ಅವನ ಅಪ್ಪ, ನಮ್ಮ ಶಾಲೆಯ ಸರ್. ಅವರು ಮೇಜಿನ ಗಂಟೆ ಬಾರಿಸಿದರೆ ಅರ್ಧ ಶಬ್ದವನ್ನೂ ನುಂಗಿ ಕುಳಿತುಬಿಡಬೇಕಿತ್ತು. ಅಂಥವರ ಮಗ ಈಗ ಪುಣೆಯ ವಿಮಾನ ನಗರದ ಕಚೇರಿಯೊಂದರಲ್ಲಿ ದುಡಿಯುತ್ತ, ತಾನೇ ಬರೆದು ತಾನೇ ಹಾಡಿ ಎಂಟು ಹಾಡುಗಳ ಆಲ್ಬಮ್ ಮಾಡುತ್ತಿದ್ದ. ಏಳು ಮುಗಿದಿದ್ದವು. "ಬಂದು ತಪ್ಪು ಹುಡುಕು. ನೀ ಒಪ್ಪಿದ್ರ ಊರೆಲ್ಲಾ ಒಪ್ಪಿದಂಗ" ಎಂದು ಫೋನ್ ಮಾಡಿದ್ದ. ಜನ ಅರ್ಧ ಹಾಡು ಕೇಳಿ ಮುಂದಕ್ಕೆ ಸರಿಸುವ ಕಾಲದಲ್ಲಿ ಎಂಟು ಯಾಕೆ ಎಂಬ ಪ್ರಶ್ನೆಗೆ ನಾನು ದಾರಿಯುದ್ದಕ್ಕೂ ಸಾಣೆ ಹಿಡಿದಿದ್ದೆ.

ಸ್ಟುಡಿಯೋ ಎಂದರೆ ತಗಡು ಒತ್ತುವ ಕಾರ್ಖಾನೆಯ ಮೇಲಿನ ಕೋಣೆ; ಸದ್ದು ತಡೆಯಲು ಗೋಡೆಗೆಲ್ಲ ಹಳೆಯ ಗಾದಿಗಳು. ಕೆಳಗಿನ ಯಂತ್ರಗಳು ನಿಲ್ಲುವುದು ಗುರುವಾರ ಮಾತ್ರ, ಅಂದು ಅಲ್ಲಿ ಕರೆಂಟ್ ಇರುವುದಿಲ್ಲ. ಹೀಗಾಗಿ ಎಲ್ಲ ಹಾಡುಗಳೂ ಗುರುವಾರ, ಇನ್ವರ್ಟರ್ ಉಸಿರಾಡುವಷ್ಟು ಹೊತ್ತು, ಫ್ಯಾನಿಲ್ಲದೆ ಬೆವರುತ್ತ ಹುಟ್ಟಿದವು. ಮುಂದಿನ ವಾರದಿಂದ ಕೋಣೆ ಗೋದಾಮಾಗಲಿತ್ತು. ಇದೇ ಕೊನೆಯ ಗುರುವಾರ.

ಪುಣೆ ಕಡೆಯ ಶಿರೂರಿನಿಂದ ಹಾರ್ಮೋನಿಯಂ ಹೊತ್ತು ಬಂದಿದ್ದ ಮಾರುತಿ ಕಾಕಾ ನನ್ನ ಕೈಗೆ ವಡಾಪಾವ್ ಇಟ್ಟರು. ಭಜನೆಯ ಮನುಷ್ಯ, ಕನ್ನಡ ಬಾರದು. ಪ್ರತಿ ಹಾಡಿನ ಅರ್ಥವನ್ನೂ ಶ್ರೀಕಾಂತ ಮರಾಠಿಯಲ್ಲಿ ಹೇಳಿದ ಮೇಲೆಯೇ ಅವರು ಪೆಟ್ಟಿಗೆಗೆ ಕೈ ಹಚ್ಚುತ್ತಿದ್ದರು.

ಎಂಟನೆಯ ಹಾಡು ಅಪ್ಪನ ಮೇಲೆ. ಮೊದಲೆರಡು ಚರಣಗಳಲ್ಲಿ ಸರ್ ಸೈಕಲ್ ತುಳಿಯುತ್ತಾರೆ. ಸೈಕಲ್ಲಿನ ಮುಂದಿನ ಕಂಬಿಯ ಮೇಲೆ ಕೂತ ಮಗ ಎದುರುಗಾಳಿಗೆ ಕೂಗಿ ಕೂಗಿ ಭಾಷಣ ಕಲಿಯುತ್ತಾನೆ. ಮೂರನೆಯದು ಬೇರೆ. "ಹಾಡಿನಿಂದ ಏನು ಸಿದ್ಧ ಆಗ್ತದ?" ಎಂದು ಸರ್ ಒಮ್ಮೆ ಕೇಳಿದ್ದರು. ಆಮೇಲೆ ಅಪ್ಪ ಮಗ ಹಾಡಿನ ಮಾತೇ ಎತ್ತಿರಲಿಲ್ಲ. ಮೂರನೆಯ ಚರಣ ಆ ಪ್ರಶ್ನೆಯನ್ನು ಎಳೆಎಳೆಯಾಗಿ ಬಿಚ್ಚಿ ಖಂಡಿಸುತ್ತಿತ್ತು.

"ಎರಡು ಚರಣ ಹಾಡು ಅದ. ಮೂರನೇದು ಭಾಷಣ. ತಗದುಬಿಡು" ಎಂದೆ.

"ಅದನ್ನ ಹೇಳ್ಲಿಕ್ಕಂತನ ಉಳದ ಏಳೂ ಬರದೀನಿ."

"ಅಪ್ಪನ್ನ ಗೆಲ್ಲಬೇಕೋ, ಅಪ್ಪಗ ಕೇಳಸಬೇಕೋ?"

"ನಿನಗ ಗೆಲ್ಲೋದು ಯಾವಾಗಿಂದ ಬ್ಯಾಡಾತು ಲೇ?"

ಅಲ್ಲಿಂದ ಶುರುವಾಯಿತು. ಅವನು ಮಂಡಿಸಿದ, ನಾನು ಖಂಡಿಸಿದೆ. ಕಂಪ್ಯೂಟರ್ ಹಚ್ಚಿಟ್ಟೇ ಇತ್ತು. ಇಬ್ಬರಿಗೂ ಅದರ ಪರಿವೆಯಿಲ್ಲ. ಕೊನೆಗೆ ಬ್ಯಾಟರಿ ಇಳಿದು ಇನ್ವರ್ಟರ್ ಕಿರುಗುಟ್ಟತೊಡಗಿತು. ಅದಕ್ಕೂ ನಾವು ನಿಲ್ಲದಾಗ ಕಾಕಾ ಚೀಲದಿಂದ ತಾಳ ತೆಗೆದು ಒಂದೇ ಸಲ ಠಣ್ಣೆನಿಸಿದರು.

ಇಬ್ಬರೂ ಮಾತು ನುಂಗಿ ಕುಳಿತೆವು.

ಕಾಕಾ ಬೆರಗಾಗಿ ತಾಳ ನೋಡಿಕೊಂಡರು. ಇದನ್ನು ಮೊದಲೇ ಹೇಳಬಾರದಿತ್ತೇ ಎಂದು ಮರಾಠಿಯಲ್ಲಿ ನಕ್ಕು, ಪೆಟ್ಟಿಗೆಯನ್ನು ಮುಂದೆಳೆದರು.

ಉಳಿದದ್ದು ಒಂದೇ ಸಲ ಹಾಡುವಷ್ಟು ಬ್ಯಾಟರಿ. ಶ್ರೀಕಾಂತ ಕಣ್ಣು ಮುಚ್ಚಿ ಹಾಡಿದ. ಎರಡು ಚರಣ ಮುಗಿದವು. ಮೂರನೆಯದಕ್ಕೆ ಬಾಯಿ ತೆರೆದವನು ನನ್ನ ಕಡೆ ನೋಡಿ, ಹಾಗೇ ಮುಚ್ಚಿದ. ಕಾಕಾ ನಿಲ್ಲಿಸಲಿಲ್ಲ. ಮಾತಿಲ್ಲದ ಆ ಚರಣವನ್ನು ಹಾರ್ಮೋನಿಯಂ ಒಂದೇ ಪೂರ್ತಿ ದಾಟಿತು. ಆಮೇಲೆ ಶ್ರೀಕಾಂತ ಪಲ್ಲವಿಗೆ ಮರಳಿದ. ಹಾಡನ್ನು ಕಂಪ್ಯೂಟರಿನಲ್ಲಿ ಉಳಿಸಿದ ಬೆನ್ನಿಗೇ ಪರದೆ ಕಪ್ಪಾಯಿತು.

"ಮರತ್ಯಾ?" ಎಂದೆ.

"ಇಲ್ಲ."

ಎಂಟು ಯಾಕೆ ಎಂದು ಕೇಳುವುದು ನನಗೂ ಬೇಕೆನಿಸಲಿಲ್ಲ.

ಮೂರನೆಯ ದಿನ ಧಾರವಾಡದಲ್ಲಿ ಸರ್ ಮನೆಗೆ ಹೋದೆ. ನನ್ನ ಹೆಡ್‌ಫೋನನ್ನು ಅವರ ಕಿವಿಗಿಟ್ಟು ಹಾಡು ಹಚ್ಚಿದೆ. ಸೈಕಲ್ ಬಂದಾಗ ನೆಲ ನೋಡುತ್ತಿದ್ದರು. ಬರೀ ಹಾರ್ಮೋನಿಯಂ ಕೇಳಿಸುವಲ್ಲಿ ತಲೆಯೆತ್ತಿ ಒಂದು ಕಿವಿಯ ಹೆಡ್‌ಫೋನ್ ಸರಿಸಿದರು.

"ಇಲ್ಲೆ ಅಂವ ಉತ್ತರ ಕೊಡಬೇಕಾಗಿತ್ತಲ್ಲ?"

"ಹೌದ್ರಿ ಸರ್."

"ಉತ್ತರ ಇತ್ತೇನು?"

"ಭಾಳ ಛಲೋ ಇತ್ತ್ರಿ."

ಸರ್ ಮತ್ತೆ ಎರಡೂ ಕಿವಿಗೆ ಹೆಡ್‌ಫೋನ್ ಏರಿಸಿಕೊಂಡರು. ತಮ್ಮ ದನಿ ಎಷ್ಟು ದೊಡ್ಡದೆಂದು ತಮಗೇ ಗೊತ್ತಾಗದೆ, ಎದುರುಗಾಳಿಗೆ ಕೂಗಿದ ಹಾಗೆ, "ಮೊದಲಿಂದ ಹಚ್ಚು" ಎಂದರು.