ಕೊನೆಯಲ್ಲಿ ನಡೆಯುತ್ತಿದ್ದವರ ನಗು

ಚಳಿಗಾಲ ಬಂತೆಂದರೆ ನಾವೊಂದಿಷ್ಟು ದುಬೈ ಕನ್ನಡಿಗರು ಭಾನುವಾರ ಬೆಳಿಗ್ಗೆ ಹತ್ತಾ ಎಂಬ ಊರಿನ ಬೆಟ್ಟಗಳ ನಡುವಿನ ಒಣ ಹಳ್ಳದಲ್ಲಿ ನಡೆಯಲು ಹೋಗುತ್ತೇವೆ. ಚಳಿ ಅಂದರೆ ಏನು, ಹಾಕಿದ ಸ್ವೆಟರನ್ನು ಬಿಸಿಲೇರುವ ಮೊದಲೇ ತೆಗೆದು ಸೊಂಟಕ್ಕೆ ಕಟ್ಟಿಕೊಳ್ಳುವಷ್ಟು. ನಡಿಗೆ ಬರೀ ನೆಪ. ಎಲ್ಲರ ಕಣ್ಣು ಬೆಟ್ಟದ ಬುಡದ ಹೋಟೆಲಿನ ಪಬ್ಬಿನ ಮೇಲೆ: ಬಿಯರು, ಕರಿದ ಮೀನು, ಹರಟೆ.

ಯಾರೂ ದಾರಿಯಲ್ಲಿ ಉಳಿದುಹೋಗದಂತೆ ಒಬ್ಬರು ಎಲ್ಲರಿಗಿಂತ ಹಿಂದೆ ನಡೆಯುವುದು ನಮ್ಮ ಪದ್ಧತಿ. ವರ್ಷಗಟ್ಟಲೆ ಆ ಕೆಲಸ ಮಾಡಿದವರು ಧಾರವಾಡದ ಕಡೆಯ ಒಬ್ಬ ಇಂಜಿನಿಯರು. ಬಂಡೆಯ ತಿರುವಿನಲ್ಲಿ ನಾವು ನಿಂತು, ಹಿಮ್ಮಡಿ ಎಳೆಯುತ್ತ ಬರುವ ಅವರಿಗಾಗಿ ಕಾಯುತ್ತಿದ್ದೆವು. ಹೋದ ಬೇಸಿಗೆಯಲ್ಲಿ ಅವರು ನಿದ್ದೆಯಲ್ಲೇ ತೀರಿಕೊಂಡರು. ಆದರೂ ಈ ಚಳಿಗಾಲ ಅದೇ ತಿರುವಿಗೆ ಬಂದಾಗ ನಮ್ಮ ಕಾಲುಗಳು ತಾವಾಗಿಯೇ ನಿಂತುಬಿಡುತ್ತಿದ್ದವು. ಆಮೇಲೆ ಯಾರೋ ‘ಯಲ್ಲಾ, ನಡೀರಿ’ ಅನ್ನುತ್ತಿದ್ದರು, ಹೊರಡುತ್ತಿದ್ದೆವು. ಹಾಗೆ ನಿಲ್ಲುವುದಕ್ಕೆ ನನಗೆ ಸಿಟ್ಟು ಬರುತ್ತಿತ್ತು. ನಿಜ ಹೇಳಬೇಕೆಂದರೆ ಹೆದರಿಕೆಯೂ ಆಗುತ್ತಿತ್ತು.

ಕಳೆದ ತಿಂಗಳು ಅವರ ಹೆಂಡತಿ ನಮ್ಮ ಜೊತೆ ಬಂದರು. ಗಂಡನ ವೀಸಾದ ಮೇಲೆ ಇದ್ದವರು, ಇನ್ನು ಊರಿಗೆ ಹೊರಡಲೇಬೇಕು. ನನ್ನ ಕಾರಿನಲ್ಲಿ ಬರುವಾಗ ಬೆಟ್ಟ ಕಾಣಿಸಿದ ಮೇಲೆ ಬಾಯಿಬಿಟ್ಟರು. ಗಂಡ ಒಳ್ಳೆಯವರೇ, ಆದರೆ ಮನೆಯಲ್ಲಿ ಒಂದು ದಿನವೂ ಬಾಯಿತುಂಬ ನಕ್ಕವರಲ್ಲವಂತೆ. ಅವರಿಗೆ ನಗು ಅನ್ನುವುದಾದರೂ ಇತ್ತೋ ಇಲ್ಲವೋ, ಅದನ್ನು ತಿಳಿಯದೆ ಈ ದೇಶ ಬಿಡಲಾರೆ ಅಂದರು.

ಅವರು ಗಂಡನ ಶೂಗಳನ್ನೇ ಹಾಕಿಕೊಂಡಿದ್ದರು, ಒಳಗೆ ಎರಡೆರಡು ಕಾಲುಚೀಲ. ಹಿಂದೆಯೇ ನಡೆಯುತ್ತೇನೆ ಎಂದು ಹಟ ಮಾಡಿದರು. ತಿರುವಿನಲ್ಲಿ ನಾವು ನಿಂತಿದ್ದಾಗ ಬಂಡೆಯಾಚೆ ಜಲ್ಲಿಯ ಮೇಲೆ ಹಿಮ್ಮಡಿ ಎಳೆದ ಸದ್ದು ಬಂತು. ನಿಂತಿತು. ಮತ್ತೆ ಬಂತು. ಥೇಟ್ ಇಂಜಿನಿಯರರದೇ ನಡಿಗೆ. ಪಕ್ಕದಲ್ಲಿದ್ದವರು ಮೆಲ್ಲಗೆ ‘ಸಾರ್’ ಅಂದೇಬಿಟ್ಟರು. ತಿರುವು ದಾಟಿ ಬಂದದ್ದು ಆಯಮ್ಮ.

ಪಬ್ಬಿನಲ್ಲಿ ಅವರನ್ನು ಗಂಡನ ಜಾಗದಲ್ಲೇ ಕೂರಿಸಿ, ಮುಂದೆ ಲಿಂಬೆ ಶರಬತ್ತು ಇಟ್ಟೆವು. ಅವರು ಅದನ್ನು ಮುಟ್ಟದೆ ನನ್ನನ್ನೇ ಕೇಳಿದರು.

“ಇಲ್ಲಿ ನಗ್ತಿದ್ರೇನ್ರಿ ಅವ್ರು?”

ಉಳಿದವರೆಲ್ಲ ನನ್ನ ಕಡೆ ತಿರುಗಿದರು.

“ನಗ್ತಿದ್ರು ಅಕ್ಕ,” ಅಂದೆ. “ತುಂಬ ನಗ್ತಿದ್ರು.”

“ಹ್ಯಾಂಗ? ತೋರಸ್ರಿ.”

ಅಣಕಿಸುವುದು ನನ್ನ ಕೆಟ್ಟ ಚಾಳಿ. ಸಾರ್ ಇದ್ದಾಗ ಅವರೆದುರೇ ಅವರ ಹಾಗೆ ನಕ್ಕು ತೋರಿಸುತ್ತಿದ್ದೆ, ಅದಕ್ಕೆ ಅವರು ಇನ್ನಷ್ಟು ನಗುತ್ತಿದ್ದರು. ಕಣ್ಣು ಮುಚ್ಚಿ ಉಸಿರು ಒಳಗೆಳೆದುಕೊಂಡೆ. ಮೊದಲು ಹೆಗಲು ಕುಲುಕಿತು, ಆಮೇಲೆ ಸ್ಟಾರ್ಟ್ ಆಗದ ಹಳೇ ಸ್ಕೂಟರಿನಂತೆ ಆ ನಗು ಕಿರ್ರೆಂದು ಹೊರಬಿತ್ತು. ನಾನು ನಿಲ್ಲಿಸಬೇಕೆಂದುಕೊಂಡ ಕಡೆ ಅದು ನಿಲ್ಲಲಿಲ್ಲ.

ಆಯಮ್ಮ ಬಾಯಿಗೆ ಸೆರಗು ಒತ್ತಿಕೊಂಡು ಕೇಳಿದರು. “ಈ ನಗು ನಾ ಕೇಳೇ ಇಲ್ರಿ,” ಅಂದರು. ಸೆರಗು ಇಳಿಸಿ, “ಇನ್ನೊಮ್ಮೆ ನಗ್ರಿ,” ಅಂದರು.

ನಕ್ಕೆ. ಅವರು ಕೇಳಿದಷ್ಟು ಸಲವೂ ನಕ್ಕೆ.

ಮುಂದಿನ ವಾರ ಅವರು ಊರಿಗೆ ಹೋದರು. ಆ ನಗು ಮಾತ್ರ ನನ್ನಲ್ಲೇ ಉಳಿದಿದೆ. ಮನೆಯಲ್ಲಿ ಟಿವಿ ನೋಡುವಾಗ ನಗು ಬಂದರೆ ಮೊದಲು ಅದೇ ಬಾಯಿಗೆ ಬರುತ್ತದೆ. ಹೆಂಡತಿ ಅಡುಗೆಮನೆಯಿಂದ ಇಣುಕಿ, ಯಾರು ಬಂದದ್ದು ಎಂದು ಕೇಳುತ್ತಾಳೆ. ಈಗ ನಾನೂ ಮನೆಯಲ್ಲಿ ನಗುವುದನ್ನು ಬಿಟ್ಟಿದ್ದೇನೆ.