ಬೆಲ್ಟಿಗೆ ಅಂಟಿದ ಕುಂಕುಮ

ಸ್ಯಾನ್ ಹೊಸೆಯ ರಿಪೇರಿ ಅಂಗಡಿಯ ಅಮೆರಿಕನ್ ಅಜ್ಜ ನಮ್ಮ ಹಳೆಯ ರೆಕಾರ್ಡ್ ಪ್ಲೇಯರಿನ ತಟ್ಟೆ ಎತ್ತಿ, ಒಳಗಿನ ರಬ್ಬರ್ ಬೆಲ್ಟು ತೋರಿಸಿದ. ಅದರ ತುಂಬ ಒಣಗಿದ ಗಂಧ, ಕುಂಕುಮ! ಬೆಲ್ಟು ಜಾರಿ ಜಾರಿಯೇ ಹಾಡು ಒಮ್ಮೆ ಓಡುತ್ತಿತ್ತು, ಒಮ್ಮೆ ತೂಕಡಿಸುತ್ತಿತ್ತು. ಚಿಪ್ ಕಂಪನಿಯ ಇಂಜಿನಿಯರ್ ಆದ ನನ್ನವರು ವಾರವಿಡೀ ಪಾಪದ ಮೋಟಾರನ್ನು ಬೈದಿದ್ದೇ ಬಂತು.

ಜೊತೆಗೆ ಬಂದಿದ್ದ ಮೈಸೂರಿನ ನಮ್ಮತ್ತೆ ಜಗ್ಗಲಿಲ್ಲ. "ಆಯುಧಪೂಜೆ ದಿನ ನಾನೇ ಹಚ್ಚಿದ್ದು ಕಣೇ. ದುಡಿಯೋದೆಲ್ಲ ಒಳಗಡೆ ಇರೋದು, ಬರೀ ಮುಚ್ಚಳಕ್ಕೆ ಹಚ್ಚಿದ್ರೆ ಏನು ಬಂತು?"

ನಾನು ಇಂಗ್ಲಿಷಿನಲ್ಲಿ ವಿವರಿಸಿದೆ. ಅಜ್ಜ ಬೆಲ್ಟು ಒರೆಸಿ ಹಾಕಿ, ತನ್ನ ಸವೆದ ಸ್ಕ್ರೂಡ್ರೈವರನ್ನು ಅತ್ತೆಯ ಮುಂದೆ ಹಿಡಿದ. ಅವರು ಪರ್ಸಿನಿಂದ ಕುಂಕುಮದ ಡಬ್ಬಿ ತೆಗೆದರು.

ಅತ್ತೆ ಊರಿಗೆ ಹೋದರು. ಈಗ ಪ್ರತಿ ನವರಾತ್ರಿಗೆ ಆ ಸ್ಕ್ರೂಡ್ರೈವರಿಗೆ ಕುಂಕುಮ ಇಡುವ ಕೆಲಸ ನನ್ನದು. ಮರೆತರೆ ಅಜ್ಜನೇ ಫೋನು ಮಾಡುತ್ತಾನೆ.