ಒಂದಕ್ಕೆ ಏಳುವುದು

ಆ ಮಳೆಗಾಲ ಎಂದರೆ ನನಗೆ ಈಗಲೂ ನೆನಪಾಗುವುದು ಒಣಗದ ಬೆಡ್‌ಶೀಟುಗಳು. ಬಾಲಿಗಂಜ್‌ನ ನಮ್ಮ ಫ್ಲ್ಯಾಟಿನ ಬಾಲ್ಕನಿ ಒಂದು ಕುರ್ಚಿ ಹಾಕಿದರೆ ಮುಗಿಯಿತು. ಬೆಳಿಗ್ಗೆ ಹಗ್ಗಕ್ಕೆ ಹಾಕಿದ್ದು ಸಂಜೆ ಮುಟ್ಟಿದರೂ ತಣ್ಣಗೆ ಇರುತ್ತಿತ್ತು. ಮತ್ತೆ ಒಳಗೆ ತಂದು ಊಟದ ಮೇಜಿನ ಕುರ್ಚಿಗಳ ಬೆನ್ನಿಗೆ ಹರಡಿ ಫ್ಯಾನ್ ಹಾಕಬೇಕು. ಅಷ್ಟರಲ್ಲಿ ಮರುದಿನದ್ದು ತಯಾರು.

ಹಾಸಿಗೆ ಒದ್ದೆಯಾಗುತ್ತಿದ್ದುದು ನನ್ನ ಅತ್ತೆಯದು. ಮಾವ ತೀರಿಕೊಂಡ ಮೇಲೆ ಉಡುಪಿ ಕಡೆಯಿಂದ ಬಂದು ನಮ್ಮ ಜೊತೆಗೇ ಇದ್ದವರು. ನನ್ನ ಗಂಡ ಬ್ಯಾಂಕಿನವರು. ವರ್ಗವಾಗಿ ಕೋಲ್ಕತ್ತಕ್ಕೆ ಬಂದು ಇಲ್ಲಿಯೇ ಬೇರು ಬಿಟ್ಟವರು ನಾವು. ಅತ್ತೆ ಎಂಥ ಶುಚಿಯ ಹೆಂಗಸೆಂದರೆ, ನಾನು ತೊಳೆದಿಟ್ಟ ಲೋಟವನ್ನೂ ಇನ್ನೊಮ್ಮೆ ತೊಳೆದೇ ನೀರು ಕುಡಿಯುವವರು. ಅವರೀಗ ನಾವು ಏಳುವ ಮೊದಲೇ ಬಚ್ಚಲಲ್ಲಿ ಕೂತು ಬೆಡ್‌ಶೀಟು ಉಜ್ಜುತ್ತಿದ್ದರು. ಬ್ರಷ್ಷಿನ ಸದ್ದಿಗೆ ನನಗೆ ಎಚ್ಚರವಾಗುತ್ತಿತ್ತು.

"ಚೆಂಬು ಕೈ ಜಾರಿ ಹಾಸಿಗೆಗೆ ನೀರು ಚೆಲ್ಲಿತು ಮಾರಾಯ್ತಿ," ಎಂದರು ಮೊದಲ ದಿನ. ಮರುದಿನವೂ ಚೆಂಬೇ ಜಾರಿತು. ಆಮೇಲೆ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಆದರೆ ಅವರು ಗಂಜಿಯ ತಿಳಿಯನ್ನು ಬಸಿದು ಬರೀ ಅನ್ನ ಉಣ್ಣತೊಡಗಿದರು. ಚಹಾ ಬಿಟ್ಟರು. ಸಕ್ಕರೆ ಕಾಯಿಲೆಯ ಮಾತ್ರೆ ನುಂಗಲು ಎಷ್ಟು ಬೇಕೋ ಅಷ್ಟೇ ನೀರು. ಒಂದು ಸಂಜೆ ದೇವರ ಗೂಡಿನ ಕಡೆ ಕೈ ತೋರಿಸಿ, "ಇನ್ನು ದೀಪ ನೀನೇ ಹಚ್ಚು. ಈ ಮೈಯಲ್ಲಿ ನಾನು ಹತ್ತಿರ ಹೋಗುದಿಲ್ಲ," ಎಂದರು. ಮದುವೆಯಾಗಿ ಬಂದಾಗಿನಿಂದ ಅವರಿದ್ದ ಮನೆಯಲ್ಲಿ ಬೇರೆ ಯಾರೂ ದೀಪ ಹಚ್ಚಿದ್ದನ್ನು ನಾನು ನೋಡಿರಲಿಲ್ಲ.

"ವಯಸ್ಸಾಯ್ತಲ್ಲ, ಇನ್ನೆಂತ ಮಾಡ್ಲಿಕ್ಕೆ ಆಗ್ತದೆ?" ಎಂದ ನನ್ನ ಗಂಡ ಡೈಪರಿನ ಪ್ಯಾಕೆಟ್ಟನ್ನು ಪೇಪರಿನಲ್ಲಿ ಸುತ್ತಿ ತಂದರು. ಅತ್ತೆ ಅದನ್ನು ನೋಡಿದರು. ಆ ರಾತ್ರಿ ಊಟ ಬೇಡವೆಂದರು.

ಇದಕ್ಕೆ ಕೆಲವು ವಾರ ಮೊದಲು, ನಾನು ಜ್ವರದಲ್ಲಿ ಮಲಗಿದ್ದಾಗ, ಅತ್ತೆಯನ್ನು ನಮ್ಮ ಪಾಡಾದ, ಅಂದರೆ ನಮ್ಮ ಓಣಿಯ, ಡಾಕ್ಟರ ಹತ್ತಿರ ಕರೆದುಕೊಂಡು ಹೋದವಳು ನನ್ನ ಮಗಳು. ಸೆಕ್ಟರ್ ಫೈವ್‌ನ ಐಟಿ ಕಂಪನಿಯೊಂದರಲ್ಲಿ ಅವಳ ಕೆಲಸ. ಅತ್ತೆಗೆ ಹಿಂದಿ ಬಾರದು, ಡಾಕ್ಟರಿಗೆ ಕನ್ನಡ ಬಾರದು. ಮಗಳೇ ನಡುವೆ ಕೂತು ಮಾತು ದಾಟಿಸಿದಳು. ನಿದ್ದೆ ಸರಿ ಇಲ್ಲವಂತೆ ಎಂದು ಮಾತ್ರೆ ಬರೆಸಿಕೊಂಡು ಬಂದರು. ಹಾಸಿಗೆ ಒದ್ದೆಯಾಗತೊಡಗಿದ್ದು ಆಮೇಲೆಯೇ. ಆದರೆ ಎರಡನ್ನೂ ಸೇರಿಸಿ ನೋಡುವಷ್ಟು ಪುರುಸೊತ್ತು ಯಾರಿಗಿತ್ತು?

ಒಂದು ಭಾನುವಾರ ನಾನೂ ಮಗಳೂ ಎರಡು ತುದಿ ಹಿಡಿದು ಬೆಡ್‌ಶೀಟು ಮಡಚುತ್ತಿದ್ದೆವು.

"ಮೊದಲಾದ್ರೆ ಪಾಪ ಅಜ್ಜಿ ಒಂದಕ್ಕೆ ಎದ್ದು ಹೋಗ್ತಿದ್ರು," ಎಂದೆ. "ಈಗ ಆ ಮಾತ್ರೆಯಲ್ಲಿ ಎಚ್ಚರವೇ ಆಗುದಿಲ್ಲ."

"ದಟ್ಸ್ ಗುಡ್ ಅಲ್ವಾ ಅಮ್ಮ? ದಿನಾ ಒಂದಕ್ಕೆ ಎದ್ರೆ ಸ್ಲೀಪ್ ಎಲ್ಲಿ ಆಗ್ತದೆ? ಡಾಕ್ಟರಿಗೂ ಅದೇ ಹೇಳಿದೆ. ಎವ್ರಿ ನೈಟ್, ಶಾರ್ಪ್ ಒನ್ ಎ.ಎಂ."

"ಎಂತ ಒನ್ ಎ.ಎಂ?"

"ಒಂದಕ್ಕೆ. ಹತ್ತಕ್ಕೆ ಬಾ ಅಂದ್ರೆ ಟೆನ್ ಓ ಕ್ಲಾಕ್ ಅಲ್ವಾ? ಒಂದಕ್ಕೆ ಅಂದ್ರೆ ಒನ್ ಓ ಕ್ಲಾಕ್."

ನಾನು ಬೆಡ್‌ಶೀಟು ಹಿಡಿದುಕೊಂಡೇ ಕೂತುಬಿಟ್ಟೆ. ನಗಬೇಕೆನಿಸಿತು, ನಗುವ ತ್ರಾಣ ಇರಲಿಲ್ಲ. ಕಿರುಬೆರಳು ಎತ್ತಿ "ಟೀಚರ್, ಒಂದಕ್ಕೆ" ಎಂದು ಕೇಳಿದ ಶಾಲೆ ನನ್ನದು, ಅತ್ತೆಯದು. ಇವಳು ಓದಿದ್ದು ಇಲ್ಲಿಯ ಇಂಗ್ಲಿಷ್ ಶಾಲೆಯಲ್ಲಿ. ಚಿಕ್ಕವಳಿದ್ದಾಗ ನೋಡಿಕೊಳ್ಳುತ್ತಿದ್ದ ಕೆಲಸದ ಮಾಸಿ ಅದಕ್ಕೆ ಕಲಿಸಿದ "ಹಿಸು" ಎಂಬ ಬಂಗಾಳಿ ಮಾತೇ ಮನೆಯಲ್ಲೂ ನಡೆದುಹೋಯಿತು. ಅವಳಿಗೆ ಒಂದು ಎಂದರೆ ಗಡಿಯಾರದ ಒಂದೇ.

ಅತ್ತೆಯ ಬಳಿ ಹೋಗಿ ಈ ಸಲ ಬಿಡಿಸಿ ಕೇಳಿದೆ.

"ಎಷ್ಟು ಸಲ ಅಂತ ಲೆಕ್ಕ ಉಂಟಾ?" ಎಂದರು. "ಹೋಗಿ ಕೂತ್ರೆ ನಾಲ್ಕು ಹನಿ. ಬಂದು ಮಲಗಿದ್ರೆ ಪುನಃ ಬಂದ ಹಾಗೆ ಆಗ್ತದೆ. ಅದನ್ನೇ ಹೇಳಿದ್ದಲ್ವಾ ಡಾಕ್ಟ್ರಿಗೆ? ಕೂಸು ಚಂದ ಮಾಡಿ ಇಂಗ್ಲಿಷಿನಲ್ಲಿ ಹೇಳಿತು."

ಪಾಡಾದ ಡಾಕ್ಟರು ವಿಷಯ ಕೇಳಿದವರೇ ಮಾತ್ರೆ ನಿಲ್ಲಿಸಿ, ಯೂರಾಲಜಿಸ್ಟ್ ಹತ್ತಿರ ಹೋಗಿ ಎಂದರು. ಅತ್ತೆ ಪಟ್ಟು ಹಿಡಿದು ಕೂತರು.

"ಅದು ಗಂಡಸರ ಡಾಕ್ಟ್ರಲ್ವಾ? ನಿನ್ನ ಮಾವನಿಗೆ ಆಪರೇಶನ್ ಮಾಡಿದ್ದು ಅವರೇ ಅಲ್ವಾ? ಅಲ್ಲಿ ನನಗೆಂತ ಕೆಲಸ?"

ನಿಜ ಹೇಳಬೇಕೆಂದರೆ ನಾನೂ ಹಾಗೆಯೇ ತಿಳಿದಿದ್ದೆ. ಆಸ್ಪತ್ರೆಯ ಬೆಂಚು ನೋಡಿದರೂ ಹಾಗೆಯೇ ಕಾಣುತ್ತಿತ್ತು. ಸಾಲಾಗಿ ಕೂತವರಲ್ಲಿ ಹೆಚ್ಚಿನವರು ವಯಸ್ಸಾದ ಗಂಡಸರು, ಕೈಯಲ್ಲಿ ನೀರಿನ ಬಾಟಲಿ. ಸ್ಕ್ಯಾನಿಂಗಿಗೆ ಹೊಟ್ಟೆ ತುಂಬ ನೀರು ಕುಡಿದು, ಕರೆಯುವವರೆಗೆ ತಡೆದು ಕೂರಬೇಕು. ಎಲ್ಲರ ಕಣ್ಣೂ ಒಂದೇ ಬಾಗಿಲ ಮೇಲೆ.

ಯೂರಾಲಜಿಸ್ಟ್ ನಡುವಯಸ್ಸಿನ ಬಂಗಾಳಿ. ಅತ್ತೆಯನ್ನು "ಮಾಸಿಮಾ", ಅಂದರೆ ಚಿಕ್ಕಮ್ಮ, ಎಂದು ಕರೆದು ಕೂರಿಸಿದರು. ಅತ್ತೆಯ ಆಕ್ಷೇಪವನ್ನು ಮಗಳು ದಾಟಿಸಿದಾಗ ಜೋರಾಗಿ ನಕ್ಕು, ಕಾಗದದ ಮೇಲೆ ಎರಡು ಗೋಡಂಬಿ, ಅವುಗಳಿಂದ ಇಳಿಯುವ ಎರಡು ದಾರ, ಕೆಳಗೊಂದು ಚೀಲ ಬರೆದರು. "ಮಾಸಿಮಾ, ಇಲ್ಲಿಂದ ಹೊರಗೆ ಬೀಳುವ ತನಕ ಇಡೀ ದಾರಿ ನನ್ನ ಜವಾಬ್ದಾರಿ. ಕಿಡ್ನಿ ಸರಿಯಾಗಿ ಸೋಸದಿದ್ದರೆ ನೋಡುವ ಡಾಕ್ಟರೇ ಬೇರೆ. ದಾರಿಯಲ್ಲಿ ಕಲ್ಲು ಸಿಕ್ಕಿಕೊಂಡರೆ, ಎಲ್ಲಾದರೂ ಕಟ್ಟಿದರೆ, ಚೀಲ ಖಾಲಿಯಾಗದಿದ್ದರೆ ನಾನು. ಈ ದಾರಿ ಹೆಂಗಸರಿಗಿಲ್ಲವೇ? ಗಂಡಸರಿಗೆ ಇಲ್ಲೊಂದು ಗ್ರಂಥಿ ಹೆಚ್ಚು, ಅದು ಊದಿಕೊಂಡು ತೊಂದರೆ ಕೊಡುತ್ತದೆ. ಅದರಿಂದಾಗಿ ನನಗೆ ಗಂಡಸರ ಡಾಕ್ಟರೆಂಬ ಹೆಸರು."

ಅತ್ತೆ ಒಂದಕ್ಕೆ ಹೋಗಿ ಬಂದ ಮೇಲೆ ಇನ್ನೊಮ್ಮೆ ಸ್ಕ್ಯಾನ್ ಮಾಡಿದರು. ಚೀಲ ಹೆಚ್ಚುಕಡಿಮೆ ಹಾಗೆಯೇ ತುಂಬಿತ್ತು. ಹಳೆಯ ಸಕ್ಕರೆ ಕಾಯಿಲೆಯಿಂದ ಅದರ ಹಿಂಡುವ ಶಕ್ತಿ ಸೋತಿದೆ; ಕೆಲವು ನಿದ್ದೆ ಮಾತ್ರೆ ಅದನ್ನು ಇನ್ನೂ ಸೋಲಿಸುತ್ತವೆ, ಇವರಿಗೆ ಕೊಟ್ಟದ್ದು ಅಂಥದ್ದೇ; ತುಂಬಿ ಮಿಕ್ಕಿದ್ದು ಹಾಸಿಗೆಗೆ ಬರುತ್ತಿದೆ; ಒತ್ತಡಕ್ಕೆ ಕಿಡ್ನಿಯೂ ಸ್ವಲ್ಪ ಊದಿಕೊಂಡಿದೆ ಎಂದರು. ಮಗಳು ಒಂದೊಂದೇ ಮಾತನ್ನು ಕನ್ನಡಕ್ಕೆ ತಂದಳು. ಪ್ರತಿ ಸಲವೂ ಸರಿಯಾಯಿತೇ ಎಂಬಂತೆ ನನ್ನ ಮುಖ ನೋಡಿದಳು.

"ಹಾಗಾದ್ರೆ ನಾನು ಹಾಸಿಗೆಯಲ್ಲಿ ಮಾಡಿದ್ದಲ್ಲ?" ಎಂದು ಅತ್ತೆ ನನ್ನನ್ನು ಕೇಳಿದರು.

"ಅಲ್ಲ ಅತ್ತೆ. ತುಂಬಿ ಚೆಲ್ಲಿದ್ದು."

"ಮತ್ತೆ? ನಾನು ಅವತ್ತೇ ಹೇಳಿದ್ದಲ್ವಾ ಚೆಲ್ಲಿದ್ದು ಅಂತ!"

ಮೂತ್ರದಲ್ಲಿ ಸೋಂಕೂ ಇತ್ತು. ಡಾಕ್ಟರು ಅದಕ್ಕೆ ಔಷಧಿ ಕೊಟ್ಟು, ಟ್ಯೂಬ್ ಹಾಕಿ, ಚೀಲ ಕೆಲವು ವಾರ ವಿಶ್ರಾಂತಿ ಪಡೆಯಲಿ ಎಂದರು. ಟ್ಯೂಬ್ ತೆಗೆದ ಮೇಲೆ ತಾವಾಗಿ ಹೋದರೆ ಸರಿ. ಇಲ್ಲದಿದ್ದರೆ ದಿನಕ್ಕೆ ಹಲವು ಸಲ ಸಣ್ಣ ನಳಿಗೆ ಹಾಕಿ ನಾವೇ ಖಾಲಿ ಮಾಡಬೇಕು, ಕೊನೆಯ ತನಕ. ನಾವೇ ಎಂದರೆ ಯಾರೆಂದು ಯಾರೂ ಹೇಳಬೇಕಾಗಿರಲಿಲ್ಲ.

ಆ ವಾರಗಳಲ್ಲಿ ಟ್ಯೂಬಿನ ತುದಿಯ ಮೂತ್ರದ ಬ್ಯಾಗು ಖಾಲಿ ಮಾಡುವುದು, ಕೈ ತೊಳೆಯುವುದು, ದೋಸೆ ಹುಯ್ಯುವುದು, ಮತ್ತೆ ಬ್ಯಾಗು ನೋಡುವುದು. ಅತ್ತೆ ತಮ್ಮ ಹಳೆಯ ಹತ್ತಿ ಸೀರೆಯ ತುಂಡಿನಿಂದ ಆ ಬ್ಯಾಗಿಗೊಂದು ಗೌಸು ಹೊಲಿದುಕೊಂಡರು. ದೀಪ ನಾನೇ ಹಚ್ಚಿದೆ. ಬತ್ತಿ ಹೊಸೆಯುವಾಗ ಕೆಲವು ಸಲ ಕೂತಲ್ಲೇ ತೂಕಡಿಸುತ್ತಿದ್ದೆ.

ಟ್ಯೂಬ್ ತೆಗೆದ ದಿನ ಮೂವರೂ ಅದೇ ಬೆಂಚಿನ ಮೇಲೆ ಕೂತೆವು. ಅತ್ತೆ ಲೋಟದ ಮೇಲೆ ಲೋಟ ನೀರು ಕುಡಿದರು. ಡಾಕ್ಟರು ದಾರಿಯಲ್ಲಿ ಹೋಗುತ್ತ "ಹೊಲೋ?" ಎಂದರು. ಆಯಿತೇ ಎಂದು. ಅಷ್ಟು ಬಂಗಾಳಿ ಅತ್ತೆಗೂ ತಿಳಿದಿತ್ತು, ಇಲ್ಲವೆಂದು ತಲೆಯಾಡಿಸಿದರು. ಇನ್ನೊಮ್ಮೆ ಕೇಳಿದಾಗಲೂ ಇಲ್ಲ. ಹೊಟ್ಟೆ ಬಿಗಿಯುತ್ತಿತ್ತು, ಆದರೆ ಬರುತ್ತಿರಲಿಲ್ಲ. ನರ್ಸ್ ಹೊಸ ಟ್ಯೂಬಿನ ಪ್ಯಾಕೆಟ್ ತಂದು ಟ್ರೇಯಲ್ಲಿ ಇಟ್ಟಳು. ನಾನು ಮನಸ್ಸಿನಲ್ಲೇ ಇನ್ನು ಮುಂದಿನ ದಿನಗಳಿಗೆ ಸಮಯ ಹೊಂದಿಸತೊಡಗಿದೆ: ಹಾಲು ಬರುವ ಮೊದಲು ಒಮ್ಮೆ, ಅಡುಗೆ ಆದ ಮೇಲೆ ಒಮ್ಮೆ...

ಅಷ್ಟರಲ್ಲಿ ಅತ್ತೆ, ಪಕ್ಕದಲ್ಲಿ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡಿದ್ದ ಮೊಮ್ಮಗಳ ಭುಜ ತಟ್ಟಿದರು. ಕಿರುಬೆರಳು ಎತ್ತಿದರು.

"ಒಂದಕ್ಕೆ."

ಮಗಳು ಗಂಭೀರವಾಗಿ ವಾಚ್ ನೋಡಿದಳು. "ಒಂದಕ್ಕಾ ಅಜ್ಜಿ? ಇನ್ನೂ ಟೈಮ್ ಉಂಟು."

"ನಿನ್ನ ತಲೆ! ಏಳು ಬೇಗ," ಎಂದು ಅತ್ತೆ ಅವಳ ಕೈ ಹಿಡಿದು ಎದ್ದರು.

ಇಬ್ಬರೂ ಒಳಗೆ ಹೋದರು. ನಾನು ಅತ್ತೆಯ ಕನ್ನಡಕ, ಮಗಳ ಲ್ಯಾಪ್‌ಟಾಪ್, ಖಾಲಿ ಬಾಟಲಿ ಹಿಡಿದು ಕೂತೆ. ಬಹಳ ಹೊತ್ತಿನ ಮೇಲೆ ಬಾಗಿಲ ಸಂದಿಯಿಂದ ಮಗಳ ಮುಖ ಮಾತ್ರ ಹೊರಗೆ ಬಂತು. "ಅಮ್ಮ, ಹೊಲೋ," ಎಂದಳು.

ಆಮೇಲಿನ ಸ್ಕ್ಯಾನಿನಲ್ಲಿ ಸ್ವಲ್ಪ ಉಳಿದಿತ್ತು. ಇಷ್ಟು ನಡೆಯುತ್ತದೆ, ಹೊತ್ತಿಗೆ ಸರಿಯಾಗಿ ಹೋಗಿ ಕೂರಲಿ, ಮುಂದಿನ ತಿಂಗಳು ಬನ್ನಿ ಎಂದರು ಡಾಕ್ಟರು. ಅಷ್ಟೇ. ಪೂರ್ತಿ ಗುಣವಾಯಿತೆಂದು ಯಾರೂ ಹೇಳಲಿಲ್ಲ.

ಮರುದಿನ ನಾನು ಎದ್ದಾಗ ಬಚ್ಚಲಲ್ಲಿ ಬ್ರಷ್ಷಿನ ಸದ್ದಿರಲಿಲ್ಲ. ಬಾಲ್ಕನಿಯ ಹಗ್ಗ ಖಾಲಿ ಇತ್ತು. ದೇವರ ಗೂಡಿನಲ್ಲಿ ದೀಪ ಆಗಲೇ ಉರಿಯುತ್ತಿತ್ತು. ಅತ್ತೆ ಅಡುಗೆಮನೆಯಲ್ಲಿ ಲೋಟ ತುಂಬ ಗಂಜಿಯ ತಿಳಿ ಹಿಡಿದು, ಆರಿಸಿ ಆರಿಸಿ ಕುಡಿಯುತ್ತಿದ್ದರು. ನಾನು ಹೋಗಿ ಇನ್ನೊಂದಿಷ್ಟು ಹೊತ್ತು ಮಲಗಿದೆ.